ಗುಂಡಿಗೆಯ ವೈದ್ಯನ ನಗೆಮದ್ದು

ಸಂಸ್ಕೃತ ನಾಟಕಗಳ ವಿದೂಷಕನಿಗೆ ಒಂದು ಸೌಕರ್ಯವುಂಟು: ಅವನು ರಾಜನ ಮಿತ್ರ, ಅವನ ಪರಿಹಾಸವೆಲ್ಲ ಪ್ರಭುವಿನ ಪ್ರಣಯವನ್ನು ಕುರಿತದ್ದೇ ಹೊರತು ಪ್ರಭುತ್ವವನ್ನು ಕುರಿತದ್ದಲ್ಲ, ಆದಕಾರಣ ಅಂಕ ಮುಗಿಯುವ ವೇಳೆಗೆ ಅವನ ಲಕ್ಷ್ಯವೆಲ್ಲ ಮೋದಕದ ಮೇಲೆಯೇ ಇರುತ್ತದೆ, ಸೆರೆಮನೆಯ ಚಿಂತೆ ಅವನಿಗಿಲ್ಲ. ಈಜಿಪ್ಟಿನ ಬಾಸ್ಸೆಂ ಯೂಸೆಫರಿಗೆ ಈ ಸೌಕರ್ಯ ಒದಗಲಿಲ್ಲ.

1974ರಲ್ಲಿ ಹುಟ್ಟಿದ ಈತ ವೃತ್ತಿಯಿಂದ ಹೃದಯದ ಶಸ್ತ್ರವೈದ್ಯ. 2011ರ ಆರಂಭದಲ್ಲಿ ಕೈರೋ ನಗರದ ತಹ್ರೀರ್ ಚೌಕದಲ್ಲಿ ಜನಸಾಗರವು ಹೋಸ್ನಿ ಮುಬಾರಕರ ಮೂರು ದಶಕಗಳ ಆಳ್ವಿಕೆಯನ್ನು ಅಲುಗಿಸುತ್ತಿದ್ದಾಗ, ಅಲ್ಲಿ ಗಾಯಗೊಂಡವರಿಗೆ ಶುಶ್ರೂಷೆ ಮಾಡಿದವರಲ್ಲಿ ಈತನೂ ಒಬ್ಬ. ಕಣ್ಣೆದುರು ನಡೆದದ್ದು ಒಂದು, ಸರ್ಕಾರಿ ಟೆಲಿವಿಷನ್ ತೋರಿಸಿದ್ದು ಇನ್ನೊಂದು. ಆ ಅಂತರವೇ ವೈದ್ಯನನ್ನು ವಿಡಂಬನಕಾರನನ್ನಾಗಿ ಮಾಡಿತು. ಮಾರ್ಚ್ ತಿಂಗಳಲ್ಲಿ, ತನ್ನ ಮನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಒಂದು ಮೇಜು, ಒಂದು ಕ್ಯಾಮೆರಾ ಇಟ್ಟುಕೊಂಡು ಚಿತ್ರಿಸಿದ ಕಿರುದೃಶ್ಯಗಳನ್ನು ಯೂಟ್ಯೂಬಿಗೆ ಏರಿಸಿದರೆ, ಲಕ್ಷಾಂತರ ಮಂದಿ ನೋಡಿದರು. ಅದೇ ವರ್ಷ ಟೆಲಿವಿಷನ್ ಕರೆಯಿತು. ‘ಅಲ್ ಬರ್ನಾಮೆಗ್’ ಎಂದು ಹೆಸರಿಟ್ಟರು. ಅರಬ್ಬೀ ಭಾಷೆಯಲ್ಲಿ ಅದಕ್ಕೆ ‘ಕಾರ್ಯಕ್ರಮ’ ಎಂಬುದಕ್ಕಿಂತ ಹೆಚ್ಚಿನ ಅರ್ಥವೇನೂ ಇಲ್ಲ. 2012ರಲ್ಲಿ ಸಿ.ಬಿ.ಸಿ. ವಾಹಿನಿಗೆ ಬಂದ ಮೇಲೆ, ತಹ್ರೀರಿಗೆ ಅನತಿದೂರದ ಹಳೆಯ ರಂಗಮಂದಿರದಲ್ಲಿ ಪ್ರೇಕ್ಷಕರ ಸಮ್ಮುಖದಲ್ಲಿಯೇ ಅದು ನಡೆಯತೊಡಗಿತು.

ಮಾದರಿ ಅಮೆರಿಕದ ಟೆಲಿವಿಷನ್ ವಿಡಂಬನಕಾರ ಜಾನ್ ಸ್ಟೂವರ್ಟರದು. ಅದನ್ನು ಈತ ಮರೆಮಾಚಲಿಲ್ಲ. ನಾಯಕರ ಮಾತನ್ನು ನಾಯಕರ ಬಾಯಿಂದಲೇ ತೆರೆಯ ಮೇಲೆ ಮತ್ತೊಮ್ಮೆ ಕೇಳಿಸುವುದು. ಬಳಿಕ ಏನೂ ಆಡದೆ ಹುಬ್ಬನ್ನು ಮೇಲೇರಿಸುವುದು. ಟೀಕೆಗಿಂತ ಆ ಮೌನವೇ ತೀಕ್ಷ್ಣವೆಂದು ನನ್ನ ಎಣಿಕೆ.

2013ರ ಮಾರ್ಚಿನಲ್ಲಿ, ಮುಬಾರಕರ ಪತನದ ಬಳಿಕ ಚುನಾಯಿತರಾಗಿದ್ದ ಅಧ್ಯಕ್ಷ ಮೊಹಮ್ಮದ್ ಮೊರ್ಸಿಯವರು ಪಾಕಿಸ್ತಾನಕ್ಕೆ ಹೋಗಿ, ಗೌರವ ಡಾಕ್ಟರೇಟ್ ಪದವಿಯನ್ನು ಟೋಪಿಸಮೇತ ಸ್ವೀಕರಿಸಿ ಬಂದರು. ಯೂಸೆಫ್ ಅಂಥದೇ ಟೋಪಿಯನ್ನು ಛತ್ರಿಯಷ್ಟು ದೊಡ್ಡದಾಗಿ ಮಾಡಿಸಿ ಶಿರದಲ್ಲಿ ಧರಿಸಿದರು. ಅಧ್ಯಕ್ಷರ ನಿಂದೆ, ಧರ್ಮನಿಂದೆ ಎಂಬ ದೂರುಗಳ ಮೇಲೆ ಬಂಧನದ ವಾರಂಟು ಹೊರಟಿತು. ವಿಚಾರಣೆಗೆ ಹಾಜರಾಗಬೇಕಾದವನು ವಿನೀತವೇಷದಲ್ಲಿ ಹೋಗುವುದು ಲೋಕರೂಢಿ. ಈತ ಹೋದದ್ದು ಅದೇ ಬಗೆಯ ಭಾರಿ ಟೋಪಿಯಲ್ಲಿ! ಒಳಗಿನಿಂದಲೇ ಟ್ವಿಟರಿನಲ್ಲಿ, ಇಲ್ಲಿನ ಪೊಲೀಸರೂ ವಕೀಲರೂ ನನ್ನೊಡನೆ ಪಟ ತೆಗೆಸಿಕೊಳ್ಳಬಯಸುತ್ತಿದ್ದಾರೆ, ಕರೆಸಿದ್ದು ಅದಕ್ಕೇ ಇರಬಹುದೇ ಎಂಬರ್ಥದ ಚಟಾಕಿ ಹಾರಿಸಿದರು. ಕೆಲವು ಗಂಟೆಗಳ ಪ್ರಶ್ನೋತ್ತರವಾದ ಮೇಲೆ 15,000 ಪೌಂಡುಗಳ ಜಾಮೀನಿನ ಮೇಲೆ ಬಿಡುಗಡೆಯಾಯಿತು. ಜೂನಿನಲ್ಲಿ ಸ್ಟೂವರ್ಟರೇ ಕೈರೋಗೆ ಬಂದು, ಸೆರೆಸಿಕ್ಕ ಗೂಢಚಾರನಂತೆ ತಲೆಗೆ ಕಪ್ಪು ಮುಸುಕು ಹಾಕಿಸಿಕೊಂಡು ಈ ರಂಗವನ್ನು ಪ್ರವೇಶಿಸಿದರು.

ಇಷ್ಟರವರೆಗೆ ಜನರೆಲ್ಲ ಜೊತೆಗಿದ್ದರು. ಜುಲೈ 3ರಂದು ಸೇನೆಯು ಮೊರ್ಸಿಯವರನ್ನು ಪದಚ್ಯುತಗೊಳಿಸಿತು. ಸೇನಾಪತಿ ಸಿಸಿಯವರು ಜನದ ಆರಾಧ್ಯಮೂರ್ತಿಯಾದರು. ಆ ಆರಾಧನೆ ಎಲ್ಲಿಗೆ ಹೋಯಿತೆಂದರೆ, ಕೈರೋದ ಮಿಠಾಯಿ ಅಂಗಡಿಗಳಲ್ಲಿ ಅವರ ಮುಖ ಅಚ್ಚೊತ್ತಿದ ಚಾಕೊಲೇಟುಗಳು ಮಾರಾಟಕ್ಕೆ ಬಂದವು. ಅಕ್ಟೋಬರ್ 25ರಂದು ಮರಳಿ ತೆರೆಗೆ ಬಂದ ಯೂಸೆಫ್ ಸೇನಾಪತಿಯನ್ನು ಅಷ್ಟಾಗಿ ಕೆಣಕಲಿಲ್ಲ. ಆ ಚಾಕೊಲೇಟನ್ನು ಚಪ್ಪರಿಸುವವರನ್ನು ಗೇಲಿ ಮಾಡಿದರು. ದೊರೆಯನ್ನು ಹಾಸ್ಯಮಾಡಿದರೆ ಪ್ರಜೆ ನಕ್ಕಾನು. ಪ್ರಜೆಯ ಭಕ್ತಿಯನ್ನೇ ಹಾಸ್ಯಮಾಡಿದರೆ ನಗುವವರಾರು? ನಿನ್ನೆ ಕೈತಟ್ಟಿದವರಲ್ಲೇ ಅನೇಕರು ದ್ರೋಹಿಯೆಂದರು. ಮುಂದಿನ ವಾರದ ಕಂತನ್ನು ವಾಹಿನಿ ಪ್ರಸಾರ ಮಾಡಲೇ ಇಲ್ಲ. ಮೊರ್ಸಿಯವರ ವಾರಂಟಿಗೆ ಆಗದ ಕೆಲಸವು ಹೀಗೆ ಒಂದು ವಾರದಲ್ಲಿ ಆಗಿಹೋಯಿತು.

2014ರ ಫೆಬ್ರವರಿಯಲ್ಲಿ ಬೇರೊಂದು ವಾಹಿನಿ ಆಶ್ರಯವಿತ್ತಿತು. ಚುನಾವಣೆಯ ನೆಪದಲ್ಲಿ ಅಲ್ಲಿಯೂ ವಿರಾಮ ಬಿದ್ದಿತು. ಜೂನ್ 2ರಂದು, ತನ್ನ ಹಾಗೂ ತನ್ನವರ ಕ್ಷೇಮಕ್ಕಾಗಿ ಅಂಜಿ ಅಂಜಿ ದಣಿದಿರುವೆನೆಂದು ಪತ್ರಕರ್ತರಿಗೆ ತಿಳಿಸಿ ಯೂಸೆಫ್ ಕಾರ್ಯಕ್ರಮವನ್ನು ಮುಗಿಸಿದರು. ಹಳೆಯ ವಾಹಿನಿಯೊಡನೆ ಇದ್ದ ವ್ಯಾಜ್ಯದಲ್ಲಿ ಕೋಟಿಗಟ್ಟಲೆ ಪೌಂಡುಗಳ ದಂಡ ಬೀಳಲು, ನವೆಂಬರಿನಲ್ಲಿ ದೇಶವನ್ನೇ ಬಿಟ್ಟರು.

ಅಮೆರಿಕದಲ್ಲಿ, ನಡುಹರೆಯದಲ್ಲಿ, ಪರಭಾಷೆಯಲ್ಲಿ ನಗಿಸುವುದನ್ನು ಮೊದಲಿನಿಂದ ಕಲಿಯಬೇಕಾಯಿತು. ಶಸ್ತ್ರಚಿಕಿತ್ಸೆಗಿಂತ ಇದು ಸುಲಭವಾಗಿದ್ದಿತೆಂದು ನಾನಂತೂ ನಂಬಲಾರೆ. 2023ರ ಅಕ್ಟೋಬರಿನಲ್ಲಿ, ಗಾಜಾ ಯುದ್ಧವನ್ನು ಕುರಿತು ಬ್ರಿಟಿಷ್ ಪತ್ರಕರ್ತ ಪಿಯರ್ಸ್ ಮಾರ್ಗನ್ ನಡೆಸಿದ ಸಂದರ್ಶನದಲ್ಲಿ ಈತನ ಕಹಿ ವ್ಯಂಗ್ಯವನ್ನು ಕೋಟ್ಯಂತರ ಜನ ಕೇಳಿದರು. ಅಲ್ಲಿ ರಂಗಮಂದಿರವಿರಲಿಲ್ಲ, ಚಪ್ಪಾಳೆಯಿರಲಿಲ್ಲ; ಬಟ್ಟೆ ಒಗೆಯುವ ಕೋಣೆಯ ದಿನಗಳಂತೆ ಒಬ್ಬ ಮನುಷ್ಯ, ಅವನೆದುರಿಗೆ ಒಂದು ಕ್ಯಾಮೆರಾ.