ಈ ಪ್ರಬಂಧ ಬರೆದವರಾರು?

“ಇದನ್ನು ನೀನೇ ಬರೆದೆಯೇನಮ್ಮ?”

ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳನ್ನು ನಾನು ಹೀಗೆ ಕೇಳಿದೊಡನೆ ಆಕೆಯ ಮುಖ ಬಾಡಿತು. ಅಕ್ಕಮಹಾದೇವಿಯನ್ನು ಕುರಿತ ಆಕೆಯ ಪ್ರಬಂಧದಲ್ಲಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ವಾಕ್ಯಗಳು ಎರಕ ಹೊಯ್ದಂತಿದ್ದವು. ಇದು ಕೃತಕ ಬುದ್ಧಿಮತ್ತೆಯ ಬರಹವೇ ಸರಿ ಎಂದು ನಾನು ನಿಶ್ಚಯಿಸಿಬಿಟ್ಟಿದ್ದೆ. ಮರುದಿನ ಆಕೆ ಏನೂ ಮಾತನಾಡದೆ ತನ್ನ ಕರಡಿನ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟಳು. ಹೊಡೆದುಹಾಕಿದ ಸಾಲುಗಳು, ಅಂಚಿನಲ್ಲಿ ಗೀಚಿದ ಪ್ರಶ್ನೆಗಳು, ಮೂರು ಬಾರಿ ತಿದ್ದಿದ ಮೊದಲ ವಾಕ್ಯ! ತಲೆ ತಗ್ಗಿಸುವ ಸರದಿ ನನ್ನದಾಯಿತು.

ಅದೇ ವಿಷಯದ ಮೇಲೆ ಬರೆದಿದ್ದ ಇನ್ನೊಬ್ಬ ವಿದ್ಯಾರ್ಥಿಗೆ ನಾನು ಒಳ್ಳೆಯ ಅಂಕಗಳನ್ನೇ ಕೊಟ್ಟಿದ್ದೆ. ಮರಳಿ ಓದಿದಾಗ ಕಂಡದ್ದೇನು? ಅಕ್ಕನದೆಂದು ಅವನು ಉದ್ಧರಿಸಿದ್ದ ವಚನವು ‘ಕೂಡಲಸಂಗಮದೇವ’ ಎಂಬ ಅಂಕಿತದಲ್ಲಿ ಮುಗಿದಿತ್ತು! ಅದು ಬಸವಣ್ಣನವರ ಅಂಕಿತ, ಅಕ್ಕನದು ‘ಚೆನ್ನಮಲ್ಲಿಕಾರ್ಜುನ’. ಕೇಳಿದಾಗ, ಯಂತ್ರ ಕೊಟ್ಟದ್ದನ್ನು ಹಾಗೆಯೇ ನಕಲು ಮಾಡಿದೆನೆಂದು ಹುಡುಗ ಒಪ್ಪಿಕೊಂಡ. ನಿರಪರಾಧಿಗೆ ಅಪವಾದ, ಅಪರಾಧಿಗೆ ಬಹುಮಾನ. ನನ್ನ ನ್ಯಾಯ ಹೀಗಿತ್ತು.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಕೈಗೆ ಬಂದಂದಿನಿಂದ ಅಧ್ಯಾಪಕರಿಗೆ ಇದೇ ಚಿಂತೆ. ಒಂದು ಪದದ ಬಳಿಕ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ಇಂತಹ ಯಂತ್ರಗಳು ವಾಕ್ಯ ಹೆಣೆಯುತ್ತವೆ. ಆದುದರಿಂದ ಸಟೆಯನ್ನೂ ದಿಟದಷ್ಟೇ ಸೊಗಸಾಗಿ ಹೇಳಬಲ್ಲವು. ನಿಷೇಧಿಸಿದರಾಯಿತಲ್ಲ ಎನ್ನಬಹುದು. ನ್ಯೂಯಾರ್ಕ್ ನಗರದ ಸರಕಾರಿ ಶಾಲೆಗಳು 2023ರ ಜನವರಿಯಲ್ಲಿ ಹಾಗೆಯೇ ಮಾಡಿ, ಮೇ ತಿಂಗಳಲ್ಲಿ ಆ ನಿಷೇಧವನ್ನು ಹಿಂದೆಗೆದುಕೊಂಡವು. ಪತ್ತೆ ಹಚ್ಚುವ ಯಂತ್ರವನ್ನು ನಂಬೋಣವೇ? ಚಾಟ್‌ಜಿಪಿಟಿಯ ನಿರ್ಮಾಪಕರಾದ ಓಪನ್‌ಎಐ ಸಂಸ್ಥೆಯವರೇ ಅಂತಹದೊಂದನ್ನು ಹೊರತಂದರು. ಇಂಗ್ಲಿಷ್ ಬರಹಗಳ ಮೇಲೆ ಅವರೇ ನಡೆಸಿದ ಪರೀಕ್ಷೆಯಲ್ಲಿ ಅದು ಯಂತ್ರದ ಬರಹಗಳ ಪೈಕಿ ನೂರಕ್ಕೆ 26ನ್ನು ಮಾತ್ರ ಹಿಡಿಯಿತು. ಮನುಷ್ಯರ ಬರಹಗಳ ಪೈಕಿ ನೂರಕ್ಕೆ 9ನ್ನು ಯಂತ್ರದ್ದೆಂದಿತು. 2023ರ ಜುಲೈನಲ್ಲಿ ಅದನ್ನು ಕೈಬಿಟ್ಟರು. ಅಂತಹ ಸಾಧನವನ್ನು ನೆಚ್ಚಿದರೆ, ಅರವತ್ತು ಮಕ್ಕಳು ಪ್ರಾಮಾಣಿಕವಾಗಿ ಬರೆದರೂ ಐದಾರು ಮಂದಿಗೆ ಕಳ್ಳರೆಂಬ ಹೆಸರು ತಪ್ಪದು.

ಕೊನೆಗೆ ನಡೆದುದನ್ನೆಲ್ಲ, ಯಾರ ಹೆಸರನ್ನೂ ಎತ್ತದೆ, ತರಗತಿಯ ಮುಂದಿಟ್ಟೆ. ಎಲ್ಲರೂ ಕೂಡಿ ನಾಲ್ಕು ನಿಯಮಗಳನ್ನು ಮಾಡಿದೆವು. ಒಂದು, ಕಠಿಣ ಪದದ ಅರ್ಥ ಕೇಳಲು, ವಿಷಯವನ್ನು ಚರ್ಚಿಸಲು ಯಂತ್ರದ ನೆರವು ಪಡೆಯಬಹುದು. ಆದರೆ ಏನು ಕೇಳಿದೆ, ಏನನ್ನು ತೆಗೆದುಕೊಂಡೆ ಎಂಬುದನ್ನು ಪ್ರಬಂಧದ ಕೊನೆಯಲ್ಲಿ ಬರೆಯತಕ್ಕದ್ದು. ಎರಡು, ಉದ್ಧರಿಸಿದ ಪ್ರತಿಯೊಂದು ವಚನವನ್ನೂ ಅಚ್ಚಾದ ಪುಸ್ತಕದಲ್ಲಿ ನೋಡಿ ಪುಟಸಂಖ್ಯೆ ಕೊಡತಕ್ಕದ್ದು. ಮೂರು, ಕರಡನ್ನೂ ಜೊತೆಗೆ ಒಪ್ಪಿಸತಕ್ಕದ್ದು. ನಾಲ್ಕು, ಬರೆದುದರ ಬಗ್ಗೆ ಐದು ನಿಮಿಷ ಮಾತನಾಡಿ ಪ್ರಶ್ನೆಗಳಿಗೆ ಉತ್ತರಿಸತಕ್ಕದ್ದು.

ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ಎಷ್ಟು ಅಂಕ ಬಂತೆಂದು ಕೇಳುವ ಮುನ್ನ ಮಗುವಿನ ಕರಡನ್ನೊಮ್ಮೆ ನೋಡಿರಿ. ತಿದ್ದುವ ಶ್ರಮದಲ್ಲೇ ಆಲೋಚನೆ ಬಲಿಯುತ್ತದೆ. ಆ ಶ್ರಮವನ್ನು ಯಂತ್ರಕ್ಕೆ ಒಪ್ಪಿಸಿದವನ ಕೈಯಲ್ಲಿ ಉಳಿಯುವುದು ಕಾಗದ ಮಾತ್ರ.

ನಿಯಮಗಳನ್ನು ಕರಿಹಲಗೆಯ ಮೇಲೆ ಬರೆದು ಮುಗಿಸಿದಾಗ ಆ ಹುಡುಗಿ ಎದ್ದು ನಿಂತಳು.

“ಸಾರ್, ಅಧ್ಯಾಪಕರಿಗೆ ನಿಯಮವಿಲ್ಲವೇ?”

ತರಗತಿ ಸ್ತಬ್ಧವಾಯಿತು. ನಾನು ಸೀಮೆಸುಣ್ಣವನ್ನು ಮತ್ತೆ ಕೈಗೆತ್ತಿಕೊಂಡು ಐದನೆಯದನ್ನು ಬರೆದೆ: ‘ಬರಿಯ ಅನುಮಾನದಿಂದ ಯಾರನ್ನೂ ದೂಷಿಸತಕ್ಕದ್ದಲ್ಲ.’