ಮಬ್ಬು ಮೇಲಿದೆಯೋ, ಒಳಗಿದೆಯೋ?

ರೆಸಿನ್‌ನಲ್ಲಿ ಎರಕ ಹೊಯ್ದ ಲಾಕೆಟ್ಟು ಅಚ್ಚಿನಿಂದ ಬಿಡಿಸಿದಾಗ ಮಬ್ಬಾಗಿ ಕಂಡರೆ, ಉಜ್ಜುವುದಕ್ಕೂ ಎಸೆಯುವುದಕ್ಕೂ ಮೊದಲು ಅದರ ಮೇಲೆ ಒಂದು ಹನಿ ನೀರು ಬಿಡಿ. ಹನಿಯ ಕೆಳಗೆ ಮಬ್ಬು ಮಾಯವಾಗಿ ಒಳಗಿನ ಹೂವಿನೆಸಳು ತಿಳಿಯಾಗಿ ಕಂಡರೆ ತೊಂದರೆ ಇರುವುದು ಮೇಲ್ಮೈಯಲ್ಲಿ ಮಾತ್ರ. ಹನಿ ಬಿದ್ದ ಜಾಗ ಬೆರಳಿಗೆ ಸೋಪು ಹಚ್ಚಿದಂತೆ ಜಾರಿದರೆ ಅಲ್ಲೊಂದು ಜಿಡ್ಡಿನ ಪೊರೆ ಕೂತಿದೆ. ಏನೂ ಬದಲಾಗದಿದ್ದರೆ ಮಬ್ಬು ಒಳಗೇ ಇದೆ. ಮೂರಕ್ಕೂ ಮದ್ದು ಬೇರೆ ಬೇರೆ. ಕಾರಣ ತಿಳಿಯದೆ ಮದ್ದು ಮಾಡಹೋಗಿ ಒಳ್ಳೆಯ ಕೆಲಸ ಹಾಳಾಗುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ರೆಸಿನ್ ಅಗ್ಗದ ಸಾಮಾನೇನೂ ಅಲ್ಲ.

ನೀರಿನ ಹನಿ ಇಷ್ಟೆಲ್ಲ ಹೇಳುವುದು ಬೆಳಕಿನ ಸ್ವಭಾವದಿಂದ. ಗಾಳಿಯಿಂದ ರೆಸಿನ್‌ಗೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡಾ 4–5ರಷ್ಟು ಹಿಂದಕ್ಕೆ ಹಾರುತ್ತದೆ. ಮೈ ನುಣುಪಾಗಿದ್ದರೆ ಆ ಬೆಳಕೆಲ್ಲ ಒಂದೇ ದಿಕ್ಕಿಗೆ ಹೋಗುತ್ತದೆ, ನಾವದನ್ನು ಹೊಳಪು ಎನ್ನುತ್ತೇವೆ. ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಿದ್ದರೆ ಅದೇ ಬೆಳಕು ದಿಕ್ಕಾಪಾಲಾಗಿ ಚದುರಿ ಬಿಳಿಯಾಗಿ ಕಾಣುತ್ತದೆ. ಗೀರುಗಳಲ್ಲಿ ನೀರು ತುಂಬಿಕೊಂಡಾಗ ಅಲ್ಲಿಂದ ಹಿಂತಿರುಗುವ ಬೆಳಕು ಅರ್ಧ ಶೇಕಡಾದ ಆಸುಪಾಸಿಗೆ ಇಳಿಯುತ್ತದೆ. ಬೆಳಕಿನ ಮಟ್ಟಿಗೆ ನೀರು ಗಾಳಿಗಿಂತ ರೆಸಿನ್‌ಗೆ ಹತ್ತಿರದ ನೆಂಟ.

ಬೀದರಿನವರಿಗೆ ಇದು ಹೊಸ ಸಂಗತಿಯಲ್ಲ. ಬಿದರಿ ಕೆಲಸದಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಅದರ ಮೇಲೆ ಚಿತ್ತಾರ ಕೊರೆದು ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಆಡಿಸಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಆಗಿನ ಕಪ್ಪು ಸ್ವಲ್ಪ ಬೂದಿ ಹೊಡೆದಂತಿರುತ್ತದೆ. ಎಣ್ಣೆ ಹಚ್ಚಿ ಒರೆಸಿದ ಮೇಲೆಯೇ ಅದಕ್ಕೆ ಆ ಆಳವಾದ ಬಣ್ಣ ಬರುವುದು. ಅಲ್ಲಿ ಎಣ್ಣೆ ಮಾಡುವುದೂ ಇಲ್ಲಿ ನೀರಿನ ಹನಿ ಮಾಡುವುದೂ ಒಂದೇ ಕೆಲಸ: ಒರಟು ಮೈಯನ್ನು ತುಂಬಿ, ಬೆಳಕು ಚದುರದಂತೆ ನೋಡಿಕೊಳ್ಳುವುದು.

ಇನ್ನು ಆ ಜಿಡ್ಡಿನ ಪೊರೆ. ಬೀದರಿನಿಂದ ಔರಾದಿಗೆ ಹೋಗುವ ದಾರಿಯ ಜನವಾಡದಲ್ಲಾಗಲಿ, ಆಚೆ ಭಾಲ್ಕಿಯಲ್ಲಾಗಲಿ, ಮನೆಯಲ್ಲಿ ಒಡವೆ ಹೊಯ್ಯುವವರನ್ನು ಹೆಚ್ಚು ಕಾಡುವುದು ಇದೇ ಎಂದು ನನ್ನ ಎಣಿಕೆ. ಕಾರಹುಣ್ಣಿಮೆ ಕಳೆದು ಮಳೆ ಹಿಡಿದ ಮೇಲಂತೂ ಇದರ ಕಾಟ ತಪ್ಪದು. ಎಪಾಕ್ಸಿ ಎಂಬ ಈ ಜಾತಿಯ ರೆಸಿನ್‌ಗೆ ಬಹಳ ವಯಸ್ಸೇನೂ ಆಗಿಲ್ಲ. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ 1930ರ ದಶಕದಲ್ಲಿ ಕಟ್ಟುಹಲ್ಲಿಗೆಂದು ಹುಡುಕಾಡುತ್ತಾ ಇದನ್ನು ರೂಪಿಸಿದ. 1946ರಲ್ಲಿ ಸೀಬಾ ಕಂಪನಿ ಇದನ್ನು ಅರಾಲ್ಡೈಟ್ ಎಂಬ ಅಂಟಾಗಿ ಮಾರುಕಟ್ಟೆಗೆ ತಂದಿತು. ಅಂದಿನಂತೆ ಇಂದೂ ಎರಡು ಬಾಟಲಿ: ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ಹಾರ್ಡನರ್‌ನಲ್ಲಿರುವುದು ಅಮೈನ್ ಎಂಬ ಬಗೆಯ ರಾಸಾಯನಿಕ. ಅದು ರೆಸಿನ್ ಜೊತೆ ಸೇರಬೇಕು. ಆದರೆ ಗಾಳಿಯಲ್ಲಿ ತೇವ ಹೆಚ್ಚಿದ್ದರೆ, ಮೇಲ್ಮೈಯಲ್ಲಿರುವ ಅಮೈನ್ ಆ ತೇವವನ್ನೂ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಹಿಡಿದುಕೊಂಡು ಬಿಳಿಯ, ಮೇಣದಂಥ ಲವಣವಾಗಿಬಿಡುತ್ತದೆ. ಹಾರ್ಡನರ್ ಬಾಟಲಿಯ ಕತ್ತಿನ ಸುತ್ತ, ಮುಚ್ಚಳದ ಸುರುಳಿಯಲ್ಲಿ, ಬಿಳಿ ಹಕ್ಕಳೆ ಕಟ್ಟಿರುವುದನ್ನು ನೋಡಿದ್ದರೆ, ಲಾಕೆಟ್ಟಿನ ಮೇಲೆ ಕೂತದ್ದೂ ಅದೇ.

ಸಾಮಾನ್ಯವಾಗಿ ಸಂಜೆ ಕೆಲಸ ಮುಗಿಸಿ ರೆಸಿನ್ ಹೊಯ್ದು, ಅಚ್ಚನ್ನು ಕಿಟಕಿಯ ಪಕ್ಕವೋ ನೆಲದ ಮೇಲೋ ಇಟ್ಟು ಮಲಗುತ್ತಾರೆ. ಕೋಣೆಯಲ್ಲಿ 24 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇಕಡಾ 85 ಇದೆ ಎಂದುಕೊಳ್ಳಿ. ಮಳೆಗಾಲದ ರಾತ್ರಿಗೆ ಇದೇನೂ ಹೆಚ್ಚಲ್ಲ. ಆ ಗಾಳಿಯಿಂದ ಇಬ್ಬನಿ ಕಟ್ಟಲು ಯಾವುದಾದರೂ ವಸ್ತು 21 ಡಿಗ್ರಿಗೆ ಇಳಿದರೆ ಸಾಕು. ಬಂಡೆಗಲ್ಲು ಹಾಸಿದ ನೆಲ ಬೆಳಗಿನ ಜಾವ ಅಷ್ಟು ತಣ್ಣಗಾಗುವುದು ಸುಲಭ. ಅದೇ ಆರ್ದ್ರತೆ ಶೇಕಡಾ 60 ಇದ್ದರೆ ಸುಮಾರು 16 ಡಿಗ್ರಿಯವರೆಗೆ ಇಳಿಯಬೇಕು. ಅಷ್ಟರಲ್ಲಿ ರೆಸಿನ್ ಬಿಗಿಯಾಗಿರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಅಚ್ಚನ್ನು ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟು, ಪಕ್ಕದಲ್ಲಿ ಸಿಲಿಕಾ ಜೆಲ್ ಇಡಿ. ನೀಲಿ ಜಾತಿಯದು ತೇವ ಕುಡಿದಾಗ ಗುಲಾಬಿಯಾಗುವುದರಿಂದ ಯಾವಾಗ ಬದಲಿಸಬೇಕೆಂದು ತಾನೇ ತೋರಿಸುತ್ತದೆ. ರಾತ್ರಿ ಹೊಯ್ಯುವ ಬದಲು ಬೆಳಿಗ್ಗೆ, ಬಿಸಿಲೇರುವ ಹೊತ್ತಿಗೆ ಹೊಯ್ದರೆ ಇನ್ನೂ ಒಳ್ಳೆಯದು.

ಪೊರೆ ಬಂದೇ ಬಿಟ್ಟರೆ? ಗಾಬರಿ ಬೇಡ, ಅದು ನೀರಿನಲ್ಲಿ ಕರಗುತ್ತದೆ. ರೆಸಿನ್ ಪೂರ್ತಿ ಗಟ್ಟಿಯಾದ ಮೇಲೆ ಉಗುರು ಬೆಚ್ಚಗಿನ ನೀರು, ಒಂದಿಷ್ಟು ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಸ್ಪಂಜು ಸಾಕು. ತೊಳೆಯುವ ಮೊದಲೇ ಸ್ಯಾಂಡ್‌ಪೇಪರ್ ಹಾಕಿದರೆ ಜಿಡ್ಡು ಕಾಗದಕ್ಕೆ ಮೆತ್ತಿಕೊಂಡು ಮೈಯೆಲ್ಲ ಹರಡುತ್ತದೆ. ಇನ್ನೂ ಕೆಟ್ಟದ್ದೆಂದರೆ ಪೊರೆಯ ಮೇಲೆಯೇ ಎರಡನೆಯ ಪದರ ಹೊಯ್ಯುವುದು. ಆಗ ಮಬ್ಬು ಒಡವೆಯ ನಡುವೆ ಶಾಶ್ವತವಾಗಿ ಹೂತುಹೋಗುತ್ತದೆ. ಲಾಕೆಟ್ಟನ್ನು ಅಡ್ಡ ಹಿಡಿದು ಅಂಚಿನಿಂದ ನೋಡಿದರೆ ಅರ್ಧ ಆಳದಲ್ಲಿ ತೆಳುವಾದ ಬಿಳಿ ಹಾಳೆಯೊಂದು ಕಾಣುತ್ತದೆ. ಅದನ್ನು ತೆಗೆಯುವ ದಾರಿ ಇಲ್ಲ.

ಪೊರೆ ಹೆಚ್ಚಲು ಇನ್ನೊಂದು ಕಾರಣ ಅಳತೆ. ರೆಸಿನ್ ಜೊತೆ ಸೇರದೆ ಉಳಿದ ಹಾರ್ಡನರ್ ಮೇಲಕ್ಕೆ ಬಂದು ಗಾಳಿಗೆ ಸಿಕ್ಕಿಕೊಳ್ಳುತ್ತದೆ. ಎರಡಕ್ಕೆ ಒಂದು ಎಂದು ಬಾಟಲಿಯ ಮೇಲೆ ಬರೆದಿದ್ದರೆ ಅದು ತೂಕವೋ, ಅಳತೆಯೋ ಎಂದು ಓದಿಕೊಳ್ಳಿ. ರೆಸಿನ್ ನೀರಿಗಿಂತ ಭಾರ, ಹಾರ್ಡನರ್ ಸಾಮಾನ್ಯವಾಗಿ ನೀರಿನಷ್ಟೇ ಅಥವಾ ಹಗುರ. 20 ಮಿಲಿ ರೆಸಿನ್ ಸುಮಾರು 23 ಗ್ರಾಂ ತೂಗಿದರೆ 10 ಮಿಲಿ ಹಾರ್ಡನರ್ 10 ಗ್ರಾಂ ಮುಟ್ಟುವುದೂ ಕಷ್ಟ. ಅಡುಗೆಮನೆಯ ತೂಕದ ಯಂತ್ರ ಇಲ್ಲಿ ಕೈಕೊಡುತ್ತದೆ. ಒಂದು ಜೊತೆ ಓಲೆಗೆ ಬೇಕಾದದ್ದು 6 ಗ್ರಾಂ ಎನ್ನಿ, ಅದರಲ್ಲಿ ಹಾರ್ಡನರ್ 2 ಗ್ರಾಂ. ಗ್ರಾಂ ಲೆಕ್ಕದಲ್ಲೇ ಅಂಕಿ ತೋರಿಸುವ ಯಂತ್ರದಲ್ಲಿ ಅರ್ಧ ಗ್ರಾಂ ಆಚೀಚೆಯಾದರೂ ಗೊತ್ತಾಗದು, ಅಂದರೆ ಕಾಲು ಭಾಗದಷ್ಟು ತಪ್ಪು. ಅಕ್ಕಸಾಲಿಗರು ಇಟ್ಟುಕೊಳ್ಳುವಂಥ, 0.01 ಗ್ರಾಂವರೆಗೆ ತೂಗುವ ಪುಟ್ಟ ಯಂತ್ರ ಕೊಳ್ಳಿ. ಈ ಕಸುಬಿಗೆ ಮಾಡುವ ಖರ್ಚಿನಲ್ಲಿ ಅದಕ್ಕಿಂತ ಸಾರ್ಥಕವಾದದ್ದು ನನಗೆ ಕಾಣುವುದಿಲ್ಲ.

ಒಳಗಿನ ಮಬ್ಬಿಗೆ ಹೆಚ್ಚಾಗಿ ಗುಳ್ಳೆಯೇ ಕಾರಣ. ಒಂದೊಂದಾಗಿ ಕಾಣದಷ್ಟು ಸಣ್ಣ ಗುಳ್ಳೆಗಳು ಸಾವಿರಾರು ಸೇರಿದರೆ ಹೊಗೆ ಕವಿದಂತೆ ಕಾಣುತ್ತದೆ. ಜೋರಾಗಿ ಕಲಕಬೇಡಿ, ಬದಿ ತಳ ಕೆರೆಯುತ್ತಾ ಮೂರು ನಾಲ್ಕು ನಿಮಿಷ ನಿಧಾನವಾಗಿ ಕಲಸಿ. ಒಣಗಿದ ಐಸ್‌ಕ್ರೀಮ್ ಕಡ್ಡಿ ತನ್ನೊಳಗಿನ ಗಾಳಿ ಬಿಡುತ್ತದೆ, ಮೇಣ ಸವರಿದ ಕಾಗದದ ಚಹಾ ಕಪ್ಪು ಮೇಣ ಬಿಡುತ್ತದೆ. ಎರಡೂ ಬೇಡ. ಹೂವು ಹಾಕುವವರು ಗೊಂಡೆ, ಸೇವಂತಿಗೆ ಬುಡದ ದಪ್ಪ ಭಾಗವನ್ನು ಗಮನಿಸಿ. ಎಸಳು ಗರಿಗರಿಯಾದರೂ ಅಲ್ಲಿ ಹಸಿ ಉಳಿದಿರುತ್ತದೆ, ಆ ತೇವ ಸುತ್ತಲ ರೆಸಿನ್ ಅನ್ನು ಕದಡುತ್ತದೆ.

ಎಳ್ಳಮಾವಾಸ್ಯೆಯ ಚಳಿಗೆ ಸಮಸ್ಯೆ ಬಾಟಲಿಯಲ್ಲೇ ಶುರುವಾಗುತ್ತದೆ. ರೆಸಿನ್ ಬಾಟಲಿಯ ತಳದಲ್ಲಿ ಬಿಳಿ ಹರಳು ಕೂತಿರುತ್ತದೆ, ಕೆಲವೊಮ್ಮೆ ಪೂರ್ತಿ ಗಟ್ಟಿಯಾಗಿರುತ್ತದೆ. ಕೆಟ್ಟಿದೆ ಎಂದು ಚೆಲ್ಲಬೇಡಿ. ಮುಚ್ಚಳ ಭದ್ರ ಮಾಡಿ, ಕೈ ತಡೆಯುವುದಕ್ಕಿಂತ ತುಸು ಹೆಚ್ಚು ಬಿಸಿಯಿರುವ, ಅಂದರೆ 50 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಬಾಟಲಿ ನಿಲ್ಲಿಸಿದರೆ ಹರಳೆಲ್ಲ ಕರಗಿ ತಿಳಿಯಾಗುತ್ತದೆ. ಒಂದು ಕಣವೂ ಉಳಿಯಬಾರದು, ಉಳಿದ ಕಣ ಮತ್ತೆ ಹರಳುಗಟ್ಟಲು ಬೀಜವಾಗುತ್ತದೆ. ರೆಸಿನ್ ಆರಿ ಕೋಣೆಯ ಶಾಖಕ್ಕೆ ಬಂದ ಮೇಲೆ ಕಲಸಿ. ಹತ್ತು ಡಿಗ್ರಿ ಶಾಖ ಏರಿದರೆ ಗಟ್ಟಿಯಾಗುವ ವೇಗ ಸುಮಾರು ಇಮ್ಮಡಿಯಾಗುತ್ತದೆ. ಮೇ ತಿಂಗಳ ಬಿಸಿಲಲ್ಲಿ ಕಪ್ಪಿನಲ್ಲೇ ಬಿಗಿಯಾಗಿ ಕೂರುವುದೂ ಇದರಿಂದಲೇ. ನನ್ನನ್ನು ಕೇಳಿದರೆ ಈ ಸೀಮೆಯಲ್ಲಿ ರೆಸಿನ್ ಹೊಯ್ಯಲು ಹದವಾದ ಕಾಲ ದೀಪಾವಳಿಯ ಆಸುಪಾಸು, ಆಮೇಲೆ ಶಿವರಾತ್ರಿಯಿಂದ ಹೋಳಿಯವರೆಗೆ.

ಒರಟು ಮೈಯ ಮಬ್ಬು ಎಲ್ಲಕ್ಕಿಂತ ಸುಲಭ. ರೆಸಿನ್ ಅಚ್ಚಿನ ಮೈಯನ್ನು ಹಾಗೆಯೇ ನಕಲು ಮಾಡುತ್ತದೆ, ಸವೆದ ಸಿಲಿಕೋನ್ ಅಚ್ಚಿನಿಂದ ಹೊಳಪು ನಿರೀಕ್ಷಿಸಲಾಗದು. 600, 1000, 2000, 3000 ನಂಬರಿನ ನೀರು ಕಾಗದವನ್ನು ಕ್ರಮವಾಗಿ, ಒದ್ದೆ ಮಾಡಿಯೇ ಉಜ್ಜಿ. ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಬದಲಿಸಿದರೆ ಹಿಂದಿನ ಗೀರು ಹೋಯಿತೋ ಇಲ್ಲವೋ ಕಾಣುತ್ತದೆ. ಕೊನೆಗೆ ಪಾಲಿಶ್ ಹಚ್ಚಿ, ಇಲ್ಲವೇ ಹನಿಯಷ್ಟು ರೆಸಿನ್ ತೆಳ್ಳಗೆ ಸವರಿ. ಒಣಗಿಸಿಯೇ ಉಜ್ಜಿದರೆ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ಹಸಿ ಹಾರ್ಡನರ್ ಚರ್ಮಕ್ಕೆ ತಾಗುತ್ತಾ ಹೋದರೆ ಒಂದು ದಿನ ಅಲರ್ಜಿ ಶುರುವಾಗಿ ಮತ್ತೆ ಬಿಡದು. ನೈಟ್ರೈಲ್ ಕೈಗವಸು ಹಾಕಿ, ಕಿಟಕಿ ತೆರೆದಿಡಿ, ಅಡುಗೆಯ ಪಾತ್ರೆ ಬಳಸಬೇಡಿ, ಮಕ್ಕಳಿರುವ ಮನೆಯಾದರೆ ಎರಡೂ ಬಾಟಲಿ ಎತ್ತರದಲ್ಲಿರಲಿ.