ನಾಲ್ಕು ತಾಲೂಕು, ಒಂದು ಲಿಂಕ್ ಕಪಾಟು

"ಸರ್ರ, ಅಬ್ಬಲೂರು ಶಾಸನದ ಲಿಂಕ್ ಇನ್ನೊಮ್ಮೆ ಹಾಕ್ರಿ, ಸಿಗವಲ್ದು." ನಮ್ಮ ಇತಿಹಾಸ ಮೇಷ್ಟ್ರುಗಳ ವಾಟ್ಸ್ಯಾಪ್ ಗುಂಪಿನಲ್ಲಿ ಈ ಮಾತು ಬಾರದ ವಾರವಿರಲಿಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ತಾಲೂಕಿನ ನಾವು ಊರ ಚರಿತ್ರೆಯ ಬಗ್ಗೆ ಜಾಲದಲ್ಲಿ ಸಿಕ್ಕಿದ್ದನ್ನೆಲ್ಲ ಅಲ್ಲಿ ಸುರಿಯುತ್ತಿದ್ದೆವು. ಸಂಜೆಯೊಳಗೆ ಅದು ಹುಟ್ಟುಹಬ್ಬದ ಕೇಕಿನ ಚಿತ್ರಗಳಡಿ ಹೂತುಹೋಗುತ್ತಿತ್ತು.

ಈಗ ಲಿಂಕ್‌ಗಳಿಗೆ ಬೇರೆ ಜಾಗ ಮಾಡಿದ್ದೇವೆ. ಬ್ರೌಸರಿನಲ್ಲಿ ನಕ್ಷತ್ರ ಒತ್ತಿ ಉಳಿಸುವ ಬುಕ್‌ಮಾರ್ಕ್ ಉಳಿಸಿದವರಿಗಷ್ಟೇ ಕಾಣುತ್ತದೆ. ಸೋಶಿಯಲ್ ಬುಕ್‌ಮಾರ್ಕಿಂಗ್‌ನಲ್ಲಿ ಆ ಪಟ್ಟಿ ಜಾಲತಾಣವೊಂದರಲ್ಲಿ ಇರುತ್ತದೆ. ಹತ್ತು ಜನ ಸೇರಿಸಬಹುದು, ಊರೆಲ್ಲ ನೋಡಬಹುದು. ಪ್ರತಿ ಲಿಂಕಿಗೂ ಟ್ಯಾಗ್, ಅಂದರೆ ಗುರುತಿನ ಪದ ಹಚ್ಚಬಹುದು. 2003ರಲ್ಲಿ ಜೋಶುವಾ ಶಾಕ್ಟರ್ ಶುರುಮಾಡಿದ ಡಿಲಿಷಿಯಸ್ ಇದಕ್ಕೆ ಹೆಸರು ತಂದುಕೊಟ್ಟಿತು. ನಾವು ಬಳಸುವುದು ರೈನ್‌ಡ್ರಾಪ್.

ಆ ಅಬ್ಬಲೂರನ್ನೇ ನೋಡಿ. ಅಲ್ಲಿನ ಸೋಮೇಶ್ವರ ಗುಡಿಯ ಶಾಸನಗಳನ್ನು ಫ್ಲೀಟ್ ಸಾಹೇಬರು ಎಪಿಗ್ರಾಫಿಯಾ ಇಂಡಿಕಾದ 5ನೇ ಸಂಪುಟದಲ್ಲಿ ಪ್ರಕಟಿಸಿದರು. ಅದರ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಇಡೀ ಸಂಪುಟದ ಲಿಂಕ್ ಕೊಟ್ಟರೆ ಹುಡುಗರು ಮೊಬೈಲಿನಲ್ಲಿ ಮುಖಪುಟ ನೋಡಿಯೇ ಮುಚ್ಚಿಬಿಡುತ್ತಾರೆ. 213ನೇ ಪುಟಕ್ಕೆ ಹೋದಾಗ ಮೇಲಿನ ವಿಳಾಸವೂ ಬದಲಾಗುತ್ತದಲ್ಲ, ಅದನ್ನೇ ಉಳಿಸಬೇಕು. ಕೆಳಗೆ ಟಿಪ್ಪಣಿ: 'ಏಕಾಂತದ ರಾಮಯ್ಯ ತಲೆ ಅರಿದುಕೊಟ್ಟು ಮರಳಿ ಪಡೆದ ಕಥೆ ಇಲ್ಲಿಂದ ಮುಂದಿದೆ. ಮೂಲಪಾಠ ರೋಮನ್ ಲಿಪಿಯಲ್ಲಿ, ಅನುವಾದ ಇಂಗ್ಲಿಷಿನಲ್ಲಿ.' ಇಷ್ಟೂ ಬರೆಯದ ಲಿಂಕನ್ನು ನಾನಂತೂ ತೆರೆಯುವುದಿಲ್ಲ.

ಟ್ಯಾಗ್ ವಿಷಯಕ್ಕೆ ಜಗಳ ಇದ್ದದ್ದೇ. ಅಬ್ಬಲೂರು, ಅಬಲೂರು ಯಂತ್ರಕ್ಕೆ ಎರಡು ಊರು. ಹಾನಗಲ್ಲು, ಹಾನಗಲ್, ಶಾಸನಗಳ ಪಾನುಂಗಲ್ಲು ಮೂರು ಊರು. ಕೊನೆಗೆ ಊರಿಗೊಂದೇ ಕಾಗುಣಿತ ಗೊತ್ತುಮಾಡಿದೆವು. ಉಳಿದ ರೂಪಗಳು ಟಿಪ್ಪಣಿಯಲ್ಲಿ, ಹುಡುಕಿದವರಿಗೆ ಸಿಗಲೆಂದು. ತಾಲೂಕು, ಊರು, ವಿಷಯ ಹಚ್ಚಲೇಬೇಕು: 'ಶಿಗ್ಗಾವಿ, ಬಾಡ, ಕನಕದಾಸ', 'ಶಿಗ್ಗಾವಿ, ಶಿಶುನಾಳ, ಶರೀಫ'. ಸವಣೂರಿನ ಮಠದ ದೊಡ್ಡಹುಣಸೆ ಮರಗಳು ಬಂದಾಗ ಟ್ಯಾಗಿನ ಬೆಲೆ ಗೊತ್ತಾಯಿತು. ಹೆಸರಿಗೆ ಹುಣಸೆ, ಜಾತಿಯಿಂದ ಆಫ್ರಿಕಾದ ಬಾವೊಬಾಬ್. ಫೋಲ್ಡರಾದರೆ ಮಠದಲ್ಲಿಡಬೇಕು, ಇಲ್ಲ ಮರದಲ್ಲಿಡಬೇಕು. ಟ್ಯಾಗಾದರೆ 'ಮಠ', 'ಮರ', 'ಆಫ್ರಿಕಾ' ಮೂರನ್ನೂ ಹಚ್ಚಬಹುದು. ವಿಜ್ಞಾನದ ಹುಡುಗಿಗೂ ಸಿಗುತ್ತದೆ, ಇತಿಹಾಸದ ಹುಡುಗನಿಗೂ ಸಿಗುತ್ತದೆ. ಸವಣೂರಿನ ಗೆಳೆಯರು ಖಾರಾ ಮಾಡುವ ವಿಡಿಯೊಕ್ಕೂ 'ಇತಿಹಾಸ' ಅಂತ ಹಚ್ಚಿದ್ದಾರೆ. ಕೇಳಿದರೆ, "ನವಾಬರ ಊರಿನ ಖಾರಾ ಇತಿಹಾಸ ಅಲ್ಲೇನ್ರಿ?" ಅಂದರು. ತೆಗೆಯುವ ಧೈರ್ಯ ಯಾರಿಗೂ ಇಲ್ಲ.

ಇಂಥ ತಾಣಗಳ ಆಯುಷ್ಯ ಮಾತ್ರ ನಂಬುವಂತಿಲ್ಲ. ಡಿಲಿಷಿಯಸ್ಸನ್ನು 2005ರಲ್ಲಿ ಯಾಹೂ ಕೊಂಡಿತು. ಮುಂದೆ ಅದು ಕೈಯಿಂದ ಕೈಗೆ ಹೋಗಿ 2017ರಲ್ಲಿ ಬರೇ 35,000 ಡಾಲರಿಗೆ ಪಿನ್‌ಬೋರ್ಡ್ ಪಾಲಾಯಿತು, ಹೊಸ ಲಿಂಕ್ ಸೇರಿಸುವುದು ಅಲ್ಲಿಗೆ ನಿಂತಿತು. ಓದಲು ತೆಗೆದಿಡುವ ಪಾಕೆಟನ್ನು ಮೊಜಿಲ್ಲಾ 2025ರ ಜುಲೈನಲ್ಲಿ ಮುಚ್ಚಿತು. ಅದಕ್ಕೇ ಆಗಾಗ ಎಕ್ಸ್‌ಪೋರ್ಟ್ ಒತ್ತಿ, ಇಡೀ ಪಟ್ಟಿಯನ್ನು ಯಾವ ಬ್ರೌಸರಿನಲ್ಲಾದರೂ ತೆರೆಯುವ ಎಚ್‌ಟಿಎಂಎಲ್ ಕಡತವಾಗಿ ಇಳಿಸಿಕೊಳ್ಳುತ್ತೇವೆ. ಅದರಲ್ಲಿ ಪುಟದ ವಿಳಾಸವಿರುತ್ತದೆ, ಪುಟವಿರುವುದಿಲ್ಲ. ಪುಟವೇ ಅಳಿಸಿಹೋದರೆ ವಿಳಾಸ ಇಟ್ಟುಕೊಂಡು ಮಾಡುವುದೇನು? ಹಾಗಾಗಿ ಮುಖ್ಯವಾದ ಪುಟಗಳ ವಿಳಾಸವನ್ನು ವೇಬ್ಯಾಕ್ ಮಷೀನಿಗೆ ಕೊಟ್ಟು ಪ್ರತಿ ತೆಗೆಸಿಡುತ್ತೇವೆ, ಆ ಪ್ರತಿಯ ವಿಳಾಸವೂ ಟಿಪ್ಪಣಿಯಲ್ಲಿ ಇರುತ್ತದೆ. ಪತ್ರಿಕೆಗಳ ಹಳೆಯ ವರದಿಗಳಿಗೆ ಇದನ್ನು ಲಿಂಕ್ ಸೇರಿಸಿದ ದಿನವೇ ಮಾಡುತ್ತೇವೆ.